ಓದದೆ ಬಿಟ್ಟ ಹನ್ನೊಂದು ಸಾಲು

ಸಾನೋಕ್ ಊರಿನ ಜನರಿಗೆ ಬೋಗ್ನಾಳ ಮುಖಕ್ಕಿಂತ ಅವಳ ದನಿಯೇ ಹೆಚ್ಚು ಪರಿಚಯ. ಗ್ರಂಥಾಲಯದಲ್ಲಿ ತಲೆ ತಗ್ಗಿಸಿ ಕೂತು ಪುಸ್ತಕಕ್ಕೆ ಮುದ್ರೆ ಒತ್ತುವ ಹುಡುಗಿಯನ್ನು ಯಾರೂ ಎರಡನೆಯ ಸಲ ತಿರುಗಿ ನೋಡುತ್ತಿರಲಿಲ್ಲ. ಆದರೆ ಬುಧವಾರ ಸಂಜೆ ಸಂಸ್ಕೃತಿ ಭವನದಲ್ಲಿ ದೀಪ ಆರಿ, ಪರದೆಯ ಮೇಲೆ ಪರದೇಶದವನೊಬ್ಬ ಬಾಯಿ ತೆರೆದನೆಂದರೆ, ಅವನ ಮಾತಿನ ಬೆನ್ನಿಗೇ ಗೋಡೆಯ ಸ್ಪೀಕರಿನಿಂದ ಹೊರಡುವ ದನಿ ಅವಳದು. ಗಂಡನ ಮಾತೂ ಅವಳೇ, ಹೆಂಡತಿಯ ಮಾತೂ ಅವಳೇ. ಮಗು, ಪೊಲೀಸಿನವನು, ಸಾಯುತ್ತಿರುವ ಮುದುಕ, ಎಲ್ಲರ ಮಾತನ್ನೂ ಒಂದೇ ಸಮನೆ, ಏರಿಳಿತವಿಲ್ಲದೆ ಪೋಲಿಷ್‌ನಲ್ಲಿ ಓದುವುದು ಅವಳ ಕೆಲಸ. ಊರಿನವರು ಅವಳನ್ನು 'ಓದೋ ಹುಡುಗಿ' ಎನ್ನುತ್ತಿದ್ದರು.

ಈ ಕೆಲಸವನ್ನು ಅವಳಿಗೆ ಕಲಿಸಿದವರು ಊರಿನ ಸಿನಿಮಾ ಸಂಘ 'ಚಿತ್ರಕೂಟ'ವನ್ನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ, ಎಲ್ಲರೂ ಗೌರವದಿಂದ 'ಪಾನಿ' ಎನ್ನುವ ಫೆಲಿಚ್ಯಾ. "ನೀನು ನಟಿ ಅಲ್ಲ ಮಗಳೇ, ನಲ್ಲಿ ಕೊಳವೆ. ಆ ಕಡೆಯಿಂದ ಬಂದದ್ದು ಈ ಕಡೆ ಹೋಗ್ಬೇಕು. ನಿನ್ನ ರುಚಿ ಅಂಟಬಾರದು" ಎಂದಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಎಲ್ಲವನ್ನೂ ಓದಬೇಕಿಲ್ಲ. ಚಿತ್ರವೇ ಹೇಳುವುದನ್ನು ಬಿಟ್ಟುಬಿಡಬಹುದು. 'ನಮಸ್ಕಾರ', 'ಬಾ ಕೂತುಕೋ', 'ಅಯ್ಯೋ ದೇವರೇ', ಇಂಥವನ್ನೆಲ್ಲ ಜನ ಕಣ್ಣಿನಲ್ಲೇ ಕೇಳಿಸಿಕೊಳ್ಳುತ್ತಾರೆ. ಎಲ್ಲಿ ಬಿಡಬೇಕು ಎನ್ನುವುದು ಓದುವವಳ ವಿವೇಕಕ್ಕೆ ಬಿಟ್ಟದ್ದು.

ಆ ನವೆಂಬರಿನಲ್ಲಿ ಬಂದದ್ದು ಪೋರ್ಚುಗಲ್ಲಿನ ಚಿತ್ರ, 'ಉಪ್ಪಿನಾಗರದ ಮನೆ'. ಸುರುಳಿಗಳ ಡಬ್ಬದ ಜೊತೆ ಮಾತುಗಳ ಪಟ್ಟಿಯೂ ಬಂದಿತ್ತು, ಪೋರ್ಚುಗೀಸಿನಲ್ಲಿ. ಕ್ರಾಕೋವಿನಲ್ಲಿ ಐದು ವರ್ಷ ಆ ಭಾಷೆ ಓದಿ ಬಂದವಳು ಊರಿಗೆಲ್ಲ ಬೋಗ್ನಾ ಒಬ್ಬಳೇ. ಮೂರು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಅನುವಾದ ಮಾಡಿದಳು. ಎದುರಿಗೆ ಅಕ್ಕ ಲುದ್ವಿಕಾ ಆಲೂಗಡ್ಡೆ ಸುಲಿಯುತ್ತ ಕೂತಿರುತ್ತಿದ್ದಳು.

ಕಥೆ ದೊಡ್ಡದೇನಲ್ಲ. ಸಮುದ್ರದ ಪಕ್ಕ ಉಪ್ಪು ತೆಗೆಯುವ ಗಂಡಸು. ಹೆಂಡತಿಯ ಮೇಲೆ ಅವನಿಗೆ ಪ್ರಾಣ. ಅವಳ ಕಾಲು ತೊಳೆಯುತ್ತಾನೆ, ದಿನವೂ ಬೆಳಗ್ಗೆ ಕಿತ್ತಳೆ ತಂದು ಸುಲಿದು ಕೊಡುತ್ತಾನೆ, ಅವಳು ಬಾವಿಗೆ ಹೋದರೂ ಬಾಗಿಲಲ್ಲಿ ನಿಂತು ಕಾಯುತ್ತಾನೆ. ಅವಳು ವರ್ಷದಿಂದ ವರ್ಷಕ್ಕೆ ಮಾತು ಕಡಿಮೆ ಮಾಡುತ್ತಾಳೆ. ಕೊನೆಗೊಂದು ದಿನ ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಅಳುತ್ತಾನೆ. ಅವಳು ಅವನ ಕೂದಲಲ್ಲಿ ಕೈಯಾಡಿಸುತ್ತ, ಮೆಲ್ಲನೆಯ ದನಿಯಲ್ಲಿ, ಬೇಳೆ ಆರಿಸುವವಳ ಹಾಗೆ ಒಂದೊಂದೇ ಮಾತು ಎತ್ತಿಡುತ್ತ ಎರಡು ನಿಮಿಷ ಹೇಳುತ್ತಾಳೆ:

'ನೀನು ಬರುವ ಹೊತ್ತಿಗೆ ನಾನು ಎಚ್ಚರವಾಗಿಯೇ ಇರುತ್ತಿದ್ದೆ. ಏಳು ವರ್ಷವೂ. ಬೇಡ ಎಂದು ಮೊದಲ ವರ್ಷ ಬಾಯಿಬಿಟ್ಟು ಹೇಳಿದೆ. ನೀನು ನಕ್ಕು ಮುದ್ದಿಸಿದೆ. ಎರಡನೆಯ ವರ್ಷ ಗೋಡೆಯ ಕಡೆ ತಿರುಗಿ ಮಲಗಿದೆ. ಆಮೇಲೆ ನಿದ್ದೆ ಬಂದವಳ ಹಾಗೆ ಉಸಿರಾಡುವುದನ್ನು ಕಲಿತೆ. ಅದು ನಿದ್ದೆಯಲ್ಲವೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಗ್ಗೆ ಕಿತ್ತಳೆ ತರುತ್ತಿದ್ದೆ. ನಾನು ಅದನ್ನು ತಿನ್ನುತ್ತಿದ್ದೆ. ನನಗೀಗ ನಿನ್ನ ಮೇಲೆ ಸಿಟ್ಟಿಲ್ಲ. ಈ ಮನೆಯಲ್ಲಿ ನಾನು ಇಲ್ಲ, ಅಷ್ಟೇ.'

ಆಮೇಲೆ ಎದ್ದು ಅವನಿಗೆ ಸಾರು ಬಡಿಸುತ್ತಾಳೆ. ಪರದೆ ಉಪ್ಪಿನಂತೆ ಬೆಳ್ಳಗಾಗುತ್ತದೆ. ಮುಗಿಯಿತು.

ಹನ್ನೊಂದು ವಾಕ್ಯ. ಮೂರನೆಯದನ್ನು ಟೈಪು ಮಾಡುವಾಗ ಬೋಗ್ನಾಳ ಬೆರಳು ನಿಂತಿತು.

"ಏನೇ, ಪದ ಸಿಗ್ತಿಲ್ವಾ?" ಎಂದಳು ಲುದ್ವಿಕಾ, ಚಾಕುವಿನಿಂದ ಕಣ್ಣೆತ್ತದೆ.

"ಸಿಕ್ತು" ಎಂದು ಬೋಗ್ನಾ ಹಾಳೆಯನ್ನು ತನ್ನ ಕಡೆಗೆ ವಾಲಿಸಿಕೊಂಡಳು.

ಪದ ಸಿಗದೆ ಏನು? ಆ ಮಾತನ್ನು ಅವಳು ಮೊದಲೇ ಕೇಳಿದ್ದಳು, ಪೋಲಿಷ್‌ನಲ್ಲೇ, ಅರ್ಧ. ಕಳೆದ ವಸಂತದಲ್ಲಿ, ಕಟ್ಟಡದ ಅಟ್ಟದಲ್ಲಿ ಒಣಗಿದ ಹಾಸಿಗೆ ಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಮಡಚುತ್ತಿದ್ದಾಗ ಲುದ್ವಿಕಾ ಇದ್ದಕ್ಕಿದ್ದಂತೆ, "ಬೋಗ್ನಾ, ಕತ್ತಲಾಗ್ತಾ ಬಂದ್ರೆ ಸಾಕು ನಂಗೆ ಹೊಟ್ಟೇಲಿ ಕಲ್ಲು ಬಿದ್ದಂಗಾಗುತ್ತೆ. ಬೇಡ ಅಂದ್ರೂ ಅವನು..." ಎಂದಿದ್ದಳು. ಬೋಗ್ನಾಳ ಕಿವಿ ಕೆಂಡವಾಗಿತ್ತು. "ಅಯ್ಯೋ, ಇದನ್ನೆಲ್ಲ ನನ್ನ ಹತ್ರ ಹೇಳ್ಬೇಡ ಕಣೇ" ಎಂದು ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟಿದ್ದಳು. ಅಕ್ಕ ಮತ್ತೆ ಹೇಳಲಿಲ್ಲ.

ಭಾವ ಜೆನೊನ್ ಕೆಟ್ಟವನೇ ಎಂದು ಊರಲ್ಲಿ ಯಾರನ್ನು ಕೇಳಿದರೂ ನಗುತ್ತಿದ್ದರು. ಬಸ್ಸಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಕುಡಿಯುವುದು ಹಬ್ಬಕ್ಕೊಂದು ಸಲ. ಪಕ್ಕದ ಮನೆಯವರ ಟೆಲಿವಿಷನ್ ಕೆಟ್ಟರೆ ತಾನೇ ಹೋಗಿ ಸರಿಮಾಡಿ, ಬಿಟ್ಟಿಯಾಗಿ ಒಂದು ತಮಾಷೆಯನ್ನೂ ಹೇಳಿ ಬರುತ್ತಿದ್ದ. ಮಹಿಳಾ ದಿನಕ್ಕೆ ಮೂವರಿಗೂ ಕಾರ್ನೇಷನ್ ಹೂವು ತರುತ್ತಿದ್ದ, ಅಮ್ಮನಿಗೆ ದೊಡ್ಡದು. ಎರಡು ಕೋಣೆಯ ಮನೆಯಲ್ಲಿ ಒಂದು ಅವರಿಬ್ಬರದು, ಇನ್ನೊಂದರಲ್ಲಿ ಅಮ್ಮ ಮತ್ತು ಬೋಗ್ನಾ. ನಡುವಿನ ಗೋಡೆ ತೆಳು. ಬೋಗ್ನಾ ದಿಂಬಿನ ಕೆಳಗೆ ತಲೆಯಿಟ್ಟು ಮಲಗುವುದನ್ನು ರೂಢಿ ಮಾಡಿಕೊಂಡಿದ್ದಳು.

ಬುಧವಾರ ಹಾಲ್ ತುಂಬಿತ್ತು. ಓದುವ ಗೂಡು ಪ್ರೊಜೆಕ್ಟರಿನ ಪಕ್ಕದಲ್ಲಿ; ಸಣ್ಣ ಕಿಟಕಿ, ಮೈಕು, ಮೊಣಕೈಯಷ್ಟೇ ಬೆಳಗುವ ಪುಟ್ಟ ದೀಪ. ಕಿಟಕಿಯಿಂದ ನೋಡಿದರೆ ಬರಿಯ ತಲೆಗಳು. ಆದರೂ ಸಾನೋಕಿನಂಥ ಊರಲ್ಲಿ ತಲೆಯ ಹಿಂಭಾಗ ಕಂಡರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಗ್ರಂಥಾಲಯದ ಮುಖ್ಯಸ್ಥೆ, ಕಾರ್ಖಾನೆಯ ಜನ, ಅಮ್ಮನ ಚರ್ಚಿನ ಗೆಳತಿಯರ ಮೂರು ಉಣ್ಣೆ ಟೋಪಿ. ಮುಂದಿನ ಸಾಲಿನಲ್ಲಿ ಜಿಲ್ಲೆಯ ದಿನಪತ್ರಿಕೆಯ ವಿಮರ್ಶಕರು, ಪಾನ್ ಸೆವೆರಿನ್ ಹೋಲೆವಾ. ಅವರು ಬಂದರೆಂದರೆ ಪಾನಿ ಫೆಲಿಚ್ಯಾ ಗಸಗಸೆ ಕೇಕು ಮಾಡಿ ತರುತ್ತಿದ್ದರು.

ಕೊನೆಯ ಸುರುಳಿ ಬಂತು. ಗಂಡ ಅತ್ತ. ಹೆಂಡತಿ ಬಾಯಿ ತೆರೆದಳು. ಬೋಗ್ನಾಳ ಮುಂದೆ ಹಾಳೆ ಇತ್ತು, ಬೆರಳು ಮೊದಲ ಸಾಲಿನ ಮೇಲಿತ್ತು. 'ನೀನು ಬರುವ ಹೊತ್ತಿಗೆ' ಎಂದು ತಾನು ಹೇಳಿದರೆ ಆ ಇನ್ನೂರು ತಲೆಗಳೂ ಕೇಳುತ್ತವೆ, ತನ್ನ ಬಾಯಿಂದ, ಮದುವೆಯಾಗದ ಹುಡುಗಿಯ ಬಾಯಿಂದ. ಆ ಮೂರು ಉಣ್ಣೆ ಟೋಪಿಗಳು ನಾಳೆ ಅಮ್ಮನಿಗೆ ಹೇಳುತ್ತವೆ. ಅವಳು ಗುಂಡಿ ಒತ್ತಿ ಮೈಕು ಆರಿಸಿದಳು. ಪೋರ್ಚುಗೀಸು ಹೆಂಗಸಿನ ದನಿ ಒಂಟಿಯಾಗಿ ಹಾಲ್‌ನಲ್ಲಿ ತೇಲಿತು, ಜೋಗುಳದ ಹಾಗೆ. ಆಮೇಲೆ ಸಾರು ಬಡಿಸುವ ಸದ್ದು. ಆಮೇಲೆ ಬಿಳುಪು. ಮೂಗು ಒರೆಸಿಕೊಳ್ಳುವ ಸದ್ದು ಸಾಲು ಸಾಲಾಗಿ ಕೇಳಿಸಿತು.

ಪ್ರೊಜೆಕ್ಟರ್ ನಡೆಸುವ ಮುದುಕ ಕ್ಲೆಮೆನ್ಸ್ ದೀಪ ಹಾಕುತ್ತ ಅವಳ ಕಡೆ ನೋಡಿದ. "ಹಾಳೆ ಹಾಳೆಗೆ ಅಂಟ್ಕೊಂಡಿತ್ತಾ?"

"ಇಲ್ಲ" ಎಂದಳು. "ಬೇಕಾಗಿರ್ಲಿಲ್ಲ."

"ಓದೋದು ನೀನು. ನಾನು ಸುತ್ತೋನು" ಎಂದು ಅವನು ಸುರುಳಿ ಬಿಚ್ಚತೊಡಗಿದ.

ಚಿತ್ರಕೂಟದಲ್ಲಿ ಒಂದು ಪದ್ಧತಿ ಇತ್ತು. ಚಿತ್ರ ಮುಗಿದ ಮೇಲೆ ಸದಸ್ಯರು ಚೀಟಿಯಲ್ಲಿ ಒಂದೆರಡು ಸಾಲು ಅಭಿಪ್ರಾಯ ಬರೆದು ಮೊಗಸಾಲೆಯ ಹಲಗೆಗೆ ಚುಚ್ಚಬೇಕು. ಗುರುವಾರ ಬೆಳಗ್ಗೆ ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ಬೋಗ್ನಾ ಅಲ್ಲಿಗೆ ಹೋಗಿ ನಿಂತಳು. 'ಮೂರು ಕರವಸ್ತ್ರ ಬೇಕಾಯಿತು.' 'ಗಂಡನೆಂದರೆ ಹೀಗಿರಬೇಕು. ನಮ್ಮವನು ಕಿತ್ತಳೆ ಇರಲಿ, ಈರುಳ್ಳಿಯನ್ನೂ ತಂದವನಲ್ಲ.' 'ಉಪ್ಪು ತೆಗೆಯುವುದನ್ನು ಚೆನ್ನಾಗಿ ತೋರಿಸಿದ್ದಾರೆ, ಪ್ರೀತಿ ಸ್ವಲ್ಪ ಜಾಸ್ತಿಯಾಯಿತು.' 'ಆಕೆ ಕ್ಷಮಿಸಿದ ರೀತಿಗೆ ಕೈಮುಗಿಯಬೇಕು.' ಎಲ್ಲವೂ ಹೀಗೇ. ಕೆಳಗಿನ ಮೂಲೆಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ: 'ಆಕೆ ಅಷ್ಟು ಹೊತ್ತು ಏನು ಹೇಳಿದಳು? ನನಗೆ ಅದು ಬೇಕಿತ್ತು.'

ಹೆಸರಿರಲಿಲ್ಲ. ಬೋಗ್ನಾ ಸುತ್ತ ನೋಡಿ ಆ ಚೀಟಿಯನ್ನು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಅದಕ್ಕೂ ನಾಚಿಕೆಯಾಯಿತು. ನುಂಗಿದ್ದು ಸಾಲದೆಂದು ಈಗ ಕದಿಯುವುದು ಬೇರೆ.

ಶುಕ್ರವಾರ ಪತ್ರಿಕೆ ಬಂತು. ಮನೆಗೆ ತಂದವನು ಜೆನೊನ್. ಶುಕ್ರವಾರ ಮಾಂಸ ಮುಟ್ಟದ ಮನೆಯಾದ್ದರಿಂದ ಮೇಜಿನ ಮೇಲೆ ಎಣ್ಣೆ ಈರುಳ್ಳಿಯ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ. ಅವನು ಕೂರುವ ಮೊದಲೇ ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಕೇಳಿ. ನಮ್ಮ ಬೋಗುಶ್ಯಾ ಪೇಪರ್‌ನಲ್ಲಿ ಬಂದಿದ್ದಾಳೆ!"

"ನನ್ನ ಹೆಸರಾ?" ಬೋಗ್ನಾ ಮುಳ್ಳುಚಮಚ ಕೆಳಗಿಟ್ಟಳು.

"ಹೆಸರು ಹಾಕಿಲ್ಲ, ಮರ್ಯಾದೆ ಹಾಕಿದ್ದಾರೆ. ಕೇಳು." ಅವನು ಓದಿದ: "'ಕೊನೆಯ ದೃಶ್ಯದಲ್ಲಿ ಹೆಂಡತಿಯ ಮಾತಿಗೆ ಅನುವಾದ ಬೇಕಿಲ್ಲ. ಸಾನೋಕಿನ ಓದುವ ಹುಡುಗಿಗೂ ಅದು ತಿಳಿದಿತ್ತು, ಆಕೆ ಸುಮ್ಮನಾದಳು. ಗಂಡನ ಕೂದಲಲ್ಲಿ ಆಡುವ ಆ ಕೈಯೇ ಒಂದು ದೊಡ್ಡ ಕ್ಷಮೆ. ಪ್ರೀತಿ ಕೆಲವೊಮ್ಮೆ ಭಾರವಾಗುತ್ತದೆ. ಹೊರಬಲ್ಲ ಹೆಣ್ಣು ಅದನ್ನು ಮಾತಿಲ್ಲದೆ ಹೊರುತ್ತಾಳೆ. ದಂಪತಿಗಳು ಅಕ್ಕಪಕ್ಕ ಕೂತು ನೋಡಬೇಕಾದ ಚಿತ್ರ.' ನೋಡಿದ್ಯಾ ಲುದ್ಕಾ? ಮಾತಿಲ್ಲದೆ. ಇದು ನಾನು ಹೇಳಿದ್ದಲ್ಲ, ಓದಿಕೊಂಡವರು ಹೇಳಿದ್ದು."

"ಮೀನು ಬಡಿಸ್ಲಾ?" ಎಂದಳು ಲುದ್ವಿಕಾ.

"ಬಡಿಸು ಬಡಿಸು. ನಾನೂ ಕಿತ್ತಳೆ ತರ್ತಿದ್ದೆ, ಅಂಗಡಿಗೆ ಬಂದ್ರೆ ತಾನೇ! ಕ್ರಿಸ್ಮಸ್‌ವರೆಗೂ ತಡಕೋ." ಅವನು ನಕ್ಕ. ಅಮ್ಮನೂ ನಕ್ಕಳು. "ಭಾನುವಾರ ಇನ್ನೊಂದು ಆಟ ಇದೆಯಂತೆ. ಇಬ್ರಿಗೂ ಟಿಕೆಟ್ ತಂದಿದ್ದೀನಿ. ನೀನು ಯಾವಾಗ್ಲೂ ಮುಖ ಊದಿಸ್ಕೊಂಡಿರ್ತೀಯಲ್ಲ, ಸಂಸಾರ ಹೇಗೆ ಮಾಡ್ಬೇಕು ಅಂತ ನಿನ್ನ ತಂಗಿ ಬಾಯಿಂದಾನೇ ಕಲಿತ್ಕೋ."

"ತಂಗಿ ಏನೂ ಓದಿಲ್ಲ ಅಂತ ಬರ್ದಿದ್ದಾರಲ್ಲ" ಎಂದಳು ಲುದ್ವಿಕಾ.

"ಅದೇ ಪಾಠ!" ಜೆನೊನ್ ಮೇಜು ಗುದ್ದಿ ನಕ್ಕ.

ಲುದ್ವಿಕಾ ತಂಗಿಯ ಕಡೆ ಒಮ್ಮೆ ನೋಡಿದಳು. ಸಿಟ್ಟಿನ ನೋಟವಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎಂದಾಗ ಖಾಲಿ ಚೀಲ ಮಡಚಿಕೊಳ್ಳುವವರ ನೋಟ. ಬೋಗ್ನಾ ತಟ್ಟೆ ಸರಿಸಿದಳು. ಎದ್ದು ಹೋಗಿ ನೀರು ಕುಡಿದಳು, ಬಹಳ ಹೊತ್ತು ಕುಡಿದಳು. ತಾನು ನುಂಗಿದ ಹನ್ನೊಂದು ಮಾತು ಈಗ ಇವನ ಕೈಯಲ್ಲಿ ಬೆತ್ತವಾಗಿತ್ತು. ಕಡೆದುಕೊಟ್ಟವಳು ತಾನೇ.

ಶನಿವಾರ ಮಧ್ಯಾಹ್ನ ಪಾನಿ ಫೆಲಿಚ್ಯಾರ ಕೋಣೆಗೆ ಹೋದಳು. ಅವರು ವಿಮರ್ಶೆಯನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು.

"ಪಾನಿ ಫೆಲಿಚ್ಯಾ, ಬುಧವಾರ ಕೊನೇಲಿ ನಾನು..."

"ಗೊತ್ತು ಮಗಳೇ, ಗೊತ್ತು! ಇಪ್ಪತ್ತು ವರ್ಷದಲ್ಲಿ ಓದೋರ ಬಗ್ಗೆ ಯಾರಾದ್ರೂ ಒಂದಕ್ಷರ ಬರೆದಿದ್ರಾ? ಓದೋರು ಕೆಮ್ಮಿದ್ರೆ ಬರೀತಿದ್ರು, ಅಷ್ಟೇ. ಟೀ ಕುಡಿ."

"ಅಲ್ಲಿ ಮಾತಿತ್ತು. ಹನ್ನೊಂದು ವಾಕ್ಯ."

"ಇರ್ಲಿ ಬಿಡು. ಚಿತ್ರವೇ ಹೇಳ್ತು. ನಾನು ಹೇಳ್ಕೊಟ್ಟಿದ್ದೂ ಅದನ್ನೇ." ಅವರು ಗಾಜಿನ ಲೋಟಕ್ಕೆ ಟೀ ಸುರಿದರು. "ನಾಳೆ ಹೋಲೆವಾ ಮತ್ತೆ ಬರ್ತಿದ್ದಾರೆ, ಚರ್ಚೆ ನಡೆಸಿಕೊಡೋಕೆ. ಆ ಮೌನ ಒಂದನ್ನ ಮಾತ್ರ ಬಿಡಬೇಡ. ಜನ ಅದನ್ನೇ ನೋಡೋಕೆ ಬರ್ತಿರೋದು."

ಚಿತ್ರ ಹಾಗೆ ಹೇಳುವುದೇ ಇಲ್ಲ ಎನ್ನಬೇಕೆಂದು ಬೋಗ್ನಾ ಬಾಯಿ ತೆರೆದಳು. ಟೀ ಬಿಸಿಯಾಗಿತ್ತು. ಅವಳು ಟೀ ಕುಡಿದಳು, ಥ್ಯಾಂಕ್ಸ್ ಹೇಳಿದಳು, ಬಂದುಬಿಟ್ಟಳು. ಕೆಟ್ಟ ಕೆಲಸ ಮಾಡಿ ಬೈಸಿಕೊಳ್ಳುವುದು ಒಂದು ಬಗೆ. ಕೆಟ್ಟ ಕೆಲಸ ಮಾಡಿ ಹೊಗಳಿಸಿಕೊಂಡವರಿಗೆ ಮುಖ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಭಾನುವಾರ ನಾಲ್ಕು ಗಂಟೆಯ ಆಟ. ಚರ್ಚಿಗೆ ಹಾಕಿಕೊಂಡ ಕೋಟುಗಳಲ್ಲೇ ಜನ ಬಂದಿದ್ದರು. ನಿಜಕ್ಕೂ ದಂಪತಿಗಳೇ ಹೆಚ್ಚು. ನಾಲ್ಕನೆಯ ಸಾಲಿನ ಅಂಚಿನಲ್ಲಿ ಅಕ್ಕನ ಬೂದು ತಲೆವಸ್ತ್ರ, ಪಕ್ಕದಲ್ಲಿ ಜೆನೊನನ ನೀಟಾಗಿ ಬಾಚಿದ ತಲೆ. ಅವನ ತೋಳು ಅವಳ ಕುರ್ಚಿಯ ಬೆನ್ನಿನ ಮೇಲೆ ಚಾಚಿಕೊಂಡಿತ್ತು.

ಮೊದಲ ಸುರುಳಿಯಿಂದಲೂ ಬೋಗ್ನಾ ಎಂದಿನಂತೆ ಓದಿದಳು. ಓದುತ್ತ ಓದುತ್ತ ಒಂದೇ ಲೆಕ್ಕ ಹಾಕುತ್ತಿದ್ದಳು: ಓದಿದರೆ ಅಕ್ಕನಿಗೆ ಆ ಮಾತು ಸಿಗುತ್ತದೆ, ಓದದಿದ್ದರೆ ಆ ತೋಳು ಅಲ್ಲೇ ಇರುತ್ತದೆ, ಇವತ್ತು ರಾತ್ರಿ, ನಾಳೆ ರಾತ್ರಿ, ಪತ್ರಿಕೆಯ ಮೊಹರಿನ ಸಮೇತ. ಲೆಕ್ಕ ಸುಲಭವಾಗಿತ್ತು. ಆದರೂ ಕೊನೆಯ ಸುರುಳಿ ಬಂದಾಗ ಅವಳ ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿತ್ತು. ಪರದೆಯ ಹೆಂಗಸು ಮೊದಲ ವಾಕ್ಯ ಹೇಳಿ ಮುಗಿಸಿಬಿಟ್ಟಳು. ಎರಡನೆಯದೂ ಹೋಯಿತು. ಬೋಗ್ನಾ ಆಗ ಗುಂಡಿಯಿಂದ ಬೆರಳು ತೆಗೆದು ಬಾಯಿ ತೆರೆದಳು. ಮೂರೂ ವಾಕ್ಯವನ್ನು ಒಟ್ಟಿಗೇ, ಉಸಿರು ಕಟ್ಟಿ, ಬಸ್ಸು ಹಿಡಿಯುವವಳ ಹಾಗೆ ಓದಿ, ನಾಲ್ಕನೆಯದಕ್ಕೆ ಹೆಂಗಸಿನ ಜೊತೆ ಸೇರಿಕೊಂಡಳು.

"ನೀನು ನಕ್ಕು ಮುದ್ದಿಸಿದೆ."

ಯಾರೋ ಕೆಮ್ಮಿದರು.

"ಆಮೇಲೆ ನಿದ್ದೆ ಬಂದವಳ ಹಾಗೆ ಉಸಿರಾಡುವುದನ್ನು ಕಲಿತೆ. ಅದು ನಿದ್ದೆಯಲ್ಲವೆಂದು ನಿನಗೆ ಗೊತ್ತಿತ್ತು."

ಕೆಮ್ಮು ನಿಂತಿತು. ಕುರ್ಚಿಯ ಕಿರುಗುಟ್ಟುವಿಕೆಯೂ ನಿಂತಿತು. ಬೋಗ್ನಾಳ ದನಿ ಕೊಳವೆಯಾಗಿ ಉಳಿಯಲಿಲ್ಲ, ನಡುಗಿತು. ಆದರೂ ಹನ್ನೊಂದನೆಯದರವರೆಗೆ ಹೋಯಿತು. ಅವಳು ಕಿಟಕಿಯಿಂದ ನೋಡಿದಳು. ಬೂದು ತಲೆವಸ್ತ್ರ ಅಲುಗಲಿಲ್ಲ. ಕುರ್ಚಿಯ ಬೆನ್ನಿನ ಮೇಲಿದ್ದ ತೋಳು ಮಾತ್ರ ಕೆಳಗಿಳಿದಿತ್ತು. ಪರದೆಯ ಮೇಲೆ ಹೆಂಗಸು ಸಾರು ಬಡಿಸಿದಳು, ಮತ್ತು ಬುಧವಾರ ಅತ್ತ ಜಾಗದಲ್ಲಿ ಇವತ್ತು ಯಾರೂ ಅಳಲಿಲ್ಲ.

ದೀಪ ಬಂದದ್ದೇ ತಡ, ಪಾನ್ ಹೋಲೆವಾ ಎದ್ದು ನಿಂತರು. ಅವರ ಕುತ್ತಿಗೆ ಕೆಂಪಾಗಿತ್ತು.

"ಪಾನಿ ಫೆಲಿಚ್ಯಾ, ಇದೇನಿದು? ಇದು ಬುಧವಾರ ನಾನು ನೋಡಿದ ಚಿತ್ರ ಅಲ್ಲ! ಅಷ್ಟು ನವಿರಾದ ಚಿತ್ರಕ್ಕೆ ಯಾರೋ ಮಲಗೋ ಕೋಣೆಯ ಕೊಳಕನ್ನ ಸೇರಿಸಿದ್ದಾರೆ. ಪೋರ್ಚುಗೀಸು ಬಾರದ ಜನ ಅಂತ ಏನು ಬೇಕಾದ್ರೂ ಓದಬಹುದಾ?"

"ಹೌದು, ಬುಧವಾರ ಇದಿರ್ಲಿಲ್ಲ" ಎಂದಳು ಹಿಂದಿನಿಂದ ಯಾರೋ ಒಬ್ಬ ಹೆಂಗಸು. "ನಾನು ಎರಡು ಸಲ ಬಂದಿದ್ದೀನಿ."

ಪಾನಿ ಫೆಲಿಚ್ಯಾ ಎದ್ದು, ಕೂತು, ಮತ್ತೆ ಎದ್ದು ಹಿಂದಿನ ಗೂಡಿನ ಕಡೆ ನೋಡಿದರು. "ಬೋಗ್ನಾ! ಕೆಳಗೆ ಬಾ."

ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಜನ ಇರುವಾಗ ಆ ಗೂಡಿನಿಂದ ಇಳಿದಿರಲಿಲ್ಲ. ಕ್ಲೆಮೆನ್ಸ್ ಏನೂ ಹೇಳದೆ ಬಾಗಿಲು ತೆಗೆದು ಹಿಡಿದ. ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ನಡುವಿನ ಹಾದಿಯಲ್ಲಿ ನಡೆದಳು. ಎರಡೂ ಕಡೆಯಿಂದ ಮುಖಗಳು ತಿರುಗಿದವು. 'ಇವಳೇನಾ? ಗ್ರಂಥಾಲಯದವಳು ಅಲ್ವಾ?' ಪರದೆಯ ಮುಂದೆ ನಿಂತಾಗ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಸಂಸ್ಕೃತಿ ಭವನದ ನೆಲ ಗಟ್ಟಿಯಾಗಿತ್ತು.

"ನಾನೇನೂ ಸೇರಿಸಿಲ್ಲ" ಎಂದಳು. ಮೈಕಿಲ್ಲದ ಅವಳ ದನಿ ಮೂರನೆಯ ಸಾಲನ್ನೂ ದಾಟಲಿಲ್ಲ.

"ಜೋರಾಗಿ!"

"ಸೇರಿಸಿಲ್ಲ. ಬುಧವಾರ ಬಿಟ್ಟಿದ್ದೆ. ಪಟ್ಟಿಯಲ್ಲಿ ಇದೆ, ಪೋರ್ಚುಗೀಸಲ್ಲೂ ಇದೆ. ಬೇಕಾದ್ರೆ ಯಾರಿಗಾದ್ರೂ ಕಳಿಸಿ ಓದಿಸಿ. ತಪ್ಪು ನಂದು."

"ಯಾಕೆ ಬಿಟ್ರಿ?" ಹೋಲೆವಾರ ದನಿ ಕೋರ್ಟಿನ ದನಿಯಾಗಿತ್ತು. "ನಾನು ಪತ್ರಿಕೆಯಲ್ಲಿ ಬರೆದದ್ದು, ಮೂವತ್ತು ಸಾವಿರ ಜನ ಓದಿದ್ದು, ಅದೆಲ್ಲ ಏನಾಗಬೇಕು?"

"ನಾಚಿಕೆಯಾಯ್ತು."

ಹಾಲ್‌ನಲ್ಲಿ ನಗೆಯ ಅಲೆ ಎದ್ದಿತು. ಕೆಟ್ಟ ನಗೆಯೇನಲ್ಲ, ಬಿಗಿದುಕೊಂಡಿದ್ದ ಜನಕ್ಕೆ ಸಡಿಲಗೊಳ್ಳಲು ಒಂದು ನೆಪ. ಆ ನಗೆಯ ನಡುವೆ ನಾಲ್ಕನೆಯ ಸಾಲಿನಿಂದ ಜೆನೊನನ ದನಿ ಬಂತು, ಎಂದಿನ ಉಲ್ಲಾಸದಲ್ಲಿ: "ಬೇಗ ಮದುವೆ ಮಾಡಿ, ನಾಚಿಕೆ ಎಲ್ಲಾ ಹೋಗುತ್ತೆ!"

ಈಗ ಎಲ್ಲರೂ ನಕ್ಕರು. ಹೋಲೆವಾ ಕೂಡ ಸ್ವಲ್ಪ ನಕ್ಕು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಹಾಗಾದರೆ ಇವತ್ತು ನಾಚಿಕೆ ಎಲ್ಲಿ ಹೋಯ್ತು? ಇವತ್ತು ಯಾಕೆ ಓದಿದ್ರಿ?"

ಉತ್ತರ ನಾಲ್ಕನೆಯ ಸಾಲಿನಲ್ಲಿ ಕೂತಿತ್ತು. ಅತ್ತ ಕಣ್ಣು ಹಾಯಿಸಿದರೂ ಸಾಕು, ಇಡೀ ಊರು ಅತ್ತ ತಿರುಗುತ್ತದೆ. ಬೋಗ್ನಾ ತನ್ನ ಬೂಟಿನ ತುದಿ ನೋಡಿದಳು. "ಬರೆದಿತ್ತು. ಅದಕ್ಕೆ" ಎಂದಳು. ಅದು ಪೆದ್ದರ ಉತ್ತರವೆಂದು ಅವಳಿಗೂ ಗೊತ್ತಿತ್ತು. ಮತ್ತೆ ನಗು.

ಆಗ ಲುದ್ವಿಕಾ ಎದ್ದು ನಿಂತಳು.

"ನಂದೊಂದು ಪ್ರಶ್ನೆ" ಎಂದಳು. ಶಾಲೆಯ ಹುಡುಗಿಯಂತೆ ಕೈ ಎತ್ತಿದ್ದಳು. ಎತ್ತಿದ್ದು ನೆನಪಾಗಿ ಇಳಿಸಿದಳು. "ಆ ಕೊನೇ ಮಾತು, ಮೊದಲ ಎರಡು ಮೂರು ವಾಕ್ಯ, ಸರಿಯಾಗಿ ಕೇಳಿಸ್ಲಿಲ್ಲ. ಬೇಗ ಬೇಗ ಓದಿದ್ರು. ಇನ್ನೊಂದು ಸಲ ಓದಬಹುದಾ?"

"ಲುದ್ಕಾ, ಕೂತ್ಕೋ" ಎಂದ ಜೆನೊನ್, ನಗುಮುಖದಲ್ಲೇ.

"ಕೂತ್ಕೋತೀನಿ. ಓದಿದ್ಮೇಲೆ."

ಅವನು ಅವಳ ಕೋಟಿನ ತೋಳು ಹಿಡಿದು ಎಳೆದ, ಮೆಲ್ಲಗೆ, ಮಕ್ಕಳನ್ನು ಕೂರಿಸುವ ಹಾಗೆ. ಅವಳು ಕೂರಲಿಲ್ಲ. ಪಕ್ಕದ ಸಾಲಿನವರು ಆ ತೋಳನ್ನು, ಆ ಕೈಯನ್ನು ನೋಡಿದರು. ಯಾರೂ ನಗಲಿಲ್ಲ. ಜೆನೊನ್ ಕೈ ಬಿಟ್ಟ.

ಬೋಗ್ನಾ ಹಾಳೆ ಹುಡುಕಿದಳು. ಈ ಸಲ ಜೊತೆಗೆ ಮಾತಾಡಲು ಪೋರ್ಚುಗೀಸು ಹೆಂಗಸಿರಲಿಲ್ಲ, ಕತ್ತಲಿರಲಿಲ್ಲ, ಗೂಡಿರಲಿಲ್ಲ. "ನೀನು ಬರುವ ಹೊತ್ತಿಗೆ ನಾನು ಎಚ್ಚರವಾಗಿಯೇ ಇರುತ್ತಿದ್ದೆ" ಎಂದು ಅಕ್ಕನ ಮುಖ ನೋಡಿಕೊಂಡೇ ಓದಿದಳು. "ಏಳು ವರ್ಷವೂ." ಒಂದೊಂದಾಗಿ ಓದಿದಳು. ಐದನೆಯ ವಾಕ್ಯಕ್ಕೆ ಮುಂದಿನ ಸಾಲಿನ ಮುದುಕಿಯೊಬ್ಬಳು ಗಂಡನ ಪಕ್ಕದಿಂದ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಒಂಬತ್ತನೆಯದಕ್ಕೆ ಜೆನೊನ್ ಎದ್ದ. "ಇದನ್ನ ಕೇಳೋಕೆ ದುಡ್ಡು ಕೊಟ್ಟು ಬಂದ್ನಾ" ಎಂದು ಸುತ್ತಲಿನವರಿಗೆ ಕೇಳಿಸುವಂತೆ ಹೇಳಿ, ಉತ್ತರ ಬರಲೆಂದು ಒಂದು ಗಳಿಗೆ ಕಾದು, ಬಾರದಿದ್ದಾಗ ಟೋಪಿ ಹಾಕಿಕೊಂಡು ಹೊರಟ. ಲುದ್ವಿಕಾ ಹನ್ನೊಂದನೆಯದು ಮುಗಿಯುವವರೆಗೆ ನಿಂತೇ ಇದ್ದಳು.

"ಥ್ಯಾಂಕ್ಸ್" ಎಂದು ಕೂತಳು.

ಚರ್ಚೆ ನಡೆಯಲಿಲ್ಲ. ಗಸಗಸೆ ಕೇಕು ಹಾಗೇ ಉಳಿಯಿತು.

ಮನೆಗೆ ಇಬ್ಬರೂ ಹೊಳೆಯ ದಂಡೆಯ ದಾರಿ ಹಿಡಿದರು. ಗಾಳಿ ಮುಖ ಕೊಯ್ಯುತ್ತಿತ್ತು. ಬೋಗ್ನಾ ಅಕ್ಕನ ಹೆಜ್ಜೆಗೆ ಹೆಜ್ಜೆ ಹಾಕಿದಳು. ಅಕ್ಕ ತನ್ನನ್ನು ಮೆಚ್ಚುತ್ತಾಳೆ ಎಂಬ ಆಸೆ ಮನಸ್ಸಿನ ಯಾವುದೋ ಮೂಲೆಯಲ್ಲಿತ್ತು. ಅದು ಕಂಡಾಗ ಇನ್ನಷ್ಟು ನಾಚಿಕೆಯಾಯಿತು.

"ಬುಧವಾರವೇ ಓದಿದ್ದಿದ್ರೆ" ಎಂದಳು ಲುದ್ವಿಕಾ ಕೊನೆಗೆ, "ನಾನು ಎದ್ದು ನಿಲ್ಲೋ ಹಾಗೆ ಆಗ್ತಿರ್ಲಿಲ್ಲ. ಎಲ್ಲರ ಮುಂದೆ."

"ಹೌದು."

"ಈಗ ಎಲ್ಲರಿಗೂ ಗೊತ್ತು. ಚರ್ಚಿನವರಿಗೆ, ಕಾರ್ಖಾನೆಯವರಿಗೆ. ಹಾಲಿನ ಕ್ಯೂನಲ್ಲಿ ನಿಂತ್ಕೊಳ್ಳೋದು ನಾನು, ನೀನಲ್ಲ."

"ಹೌದು."

"ಹೌದು ಹೌದು ಅನ್ಬೇಡ. ಸಿಟ್ಟು ಬರುತ್ತೆ."

ಸ್ವಲ್ಪ ದೂರ ನಡೆದ ಮೇಲೆ ಲುದ್ವಿಕಾ ಕೈಗವಸು ಬಿಚ್ಚಿ ಮೂಗು ಒರೆಸಿಕೊಂಡಳು. "ನಿನ್ನ ಆ ಮಡಚೋ ಸೋಫಾ ಇದ್ಯಲ್ಲ. ಅದ್ರಲ್ಲಿ ಇಬ್ರು ಹಿಡೀತೀವಾ?"

"ನಡುವೆ ಸ್ಪ್ರಿಂಗ್ ಚುಚ್ಚುತ್ತೆ" ಎಂದಳು ಬೋಗ್ನಾ. ಹೇಳಿದ ಮೇಲೆ ತನಗೆ ತಾನೇ ಛೀ ಅಂದುಕೊಂಡು, "ಹಿಡೀತೀವಿ. ನಾನು ಗೋಡೆ ಕಡೆ ಮಲಗ್ತೀನಿ" ಎಂದಳು.

ಮುಂದಿನ ಶುಕ್ರವಾರದ ಪತ್ರಿಕೆಯಲ್ಲಿ, ಹವಾಮಾನದ ಪಕ್ಕದಲ್ಲಿ, ನಾಲ್ಕು ಸಾಲಿನ ಸ್ಪಷ್ಟನೆ ಬಂತು. ಸಾನೋಕಿನ ಚಿತ್ರಕೂಟದ ಓದುವವರ ಅಜಾಗರೂಕತೆಯಿಂದಾಗಿ ಕಳೆದ ವಾರದ ವಿಮರ್ಶೆಯಲ್ಲಿ ಕೆಲವು ಮಾತುಗಳು ಚಿತ್ರಕ್ಕೆ ಹೊಂದುವುದಿಲ್ಲ ಎಂದಿತ್ತು. ಈ ಸಲ ಬೋಗ್ನಾಳ ಹೆಸರು ಪೂರ್ತಿಯಾಗಿ ಹಾಕಿದ್ದರು. ಚಿತ್ರ ಹಾಗಾದರೆ ಏನು ಹೇಳುತ್ತದೆ ಎಂದು ಹೋಲೆವಾ ಬರೆದಿರಲಿಲ್ಲ.

"ಅಪ್ಪನ ಮನೆತನದ ಹೆಸರು ಪೇಪರ್‌ನಲ್ಲಿ ಬಂದಿದ್ದು ಇದೇ ಮೊದಲು" ಎಂದಳು ಅಮ್ಮ. ಚರ್ಚಿಗೆ ಹೋಗುವಾಗ ಎರಡು ಬೀದಿ ಸುತ್ತಿಕೊಂಡು ಹೋಗತೊಡಗಿದಳು. ಆದರೆ ಆಟ ಮುಗಿದ ಆ ಭಾನುವಾರ ರಾತ್ರಿಯೇ ಜೆನೊನ್ ಕೋಣೆಯ ಬಾಗಿಲಿಗೆ ಬಂದು, "ಲುದ್ಕಾ, ಸಾಕು ತಮಾಷೆ, ಬಾ" ಎಂದಾಗ ಬಾಗಿಲು ತೆರೆದವಳೂ ಅಮ್ಮನೇ. "ಮಲಗಿದ್ದಾಳೆ" ಎಂದಳು. "ಹೋಗಿ ಮಲಕ್ಕೋ ಜೆನೆಕ್."

ಚಿತ್ರಕೂಟದಿಂದ ಬೋಗ್ನಾಳಿಗೆ ಮತ್ತೆ ಕರೆ ಬರಲಿಲ್ಲ. ಗ್ರಂಥಾಲಯದಲ್ಲಿ ಈಗ ಜನ ಅವಳನ್ನು ಎರಡನೆಯ ಸಲ ತಿರುಗಿ ನೋಡುತ್ತಿದ್ದರು. ಅವಳ ಮುಖಕ್ಕೆ ರಕ್ತ ಏರುತ್ತಿತ್ತು, ಮುದ್ರೆ ಓರೆಯಾಗಿ ಬೀಳುತ್ತಿತ್ತು. ಆ ಸ್ಪಷ್ಟನೆಯನ್ನು ಅವಳು ಕತ್ತರಿಸಿ ಇಟ್ಟುಕೊಂಡಳು, ಸುಳ್ಳೇನೂ ಬರೆದಿರಲಿಲ್ಲವಲ್ಲ. ಅದು ಅಚ್ಚಾದ ದಿನಕ್ಕೆ ಲುದ್ವಿಕಾ ಆ ಸೋಫಾದಲ್ಲಿ ಮಲಗಿ ಐದು ರಾತ್ರಿಯಾಗಿತ್ತು. ಮೊದಲೆರಡು ರಾತ್ರಿ ಅವಳ ಉಸಿರು ಬಹಳ ನಯವಾಗಿ, ಒಂದೇ ಅಳತೆಯಲ್ಲಿ ಬರುತ್ತಿತ್ತು. ಕಲಿತ ಉಸಿರು. ಗೋಡೆಯ ಕಡೆ ಮಲಗಿದ್ದ ಬೋಗ್ನಾ ಅದನ್ನು ಕೇಳುತ್ತ ಎಚ್ಚರವಾಗಿದ್ದಳು. ಮೂರನೆಯ ರಾತ್ರಿ ಅಕ್ಕ ಬಾಯಿ ತೆರೆದು, ಎಗ್ಗಿಲ್ಲದೆ, ಗೊರಕೆ ಹೊಡೆದಳು.